ದೊಡ್ಡಪ್ಪ ಬಂದ ಭಾನುವಾರ

ಅತ್ತಿಬೆಲೆಯ ನಮ್ಮ ಟಾಕೀಸಿನಲ್ಲಿ ಆ ಪ್ರಾಣಿಗೆ ದೊಡ್ಡಪ್ಪ ಎಂದೇ ಹೆಸರು. ಸಿನಿಮಾದವರು ಅದಕ್ಕೆ ನಾಲಿಗೆ ಹೊರಳದ ಇನ್ನೇನೋ ಹೆಸರಿಟ್ಟು ಪೋಸ್ಟರಿನಲ್ಲಿ ದಪ್ಪಕ್ಷರದಲ್ಲಿ ಬರೆಸಿರುತ್ತಾರೆ. ಯಾರಿಗೆ ಬೇಕು ಅದು? ಪ್ರಾಣಿ ನೋಡುವುದಕ್ಕೆ ಚಿಪ್ಪುಹಂದಿಯ ಹಾಗೆ, ಎತ್ತರ ಮಾತ್ರ ಹೆದ್ದಾರಿ ಪಕ್ಕದ ಅಪಾರ್ಟ್‌ಮೆಂಟಿನಷ್ಟು. ಕೋಪ ಬಂದರೆ ಉಂಡೆಯಾಗಿ ಸುತ್ತಿಕೊಂಡು ಊರ ಮೇಲೆ ಉರುಳಿಕೊಂಡು ಹೋಗುತ್ತದೆ. ಮೊದಲನೆಯ ಭಾಗ ಬಂದಾಗ ಅದು ಕಟ್ಟಡಗಳ ಹಿಂದಿನಿಂದ ತಲೆ ಎತ್ತಿದ ಕೂಡಲೇ ಮುಂದಿನ ಸಾಲಿನಿಂದ ಯಾರೋ "ದೊಡ್ಡಪ್ಪ ಬಂದ್ರು, ಚಾಪೆ ಹಾಕ್ರೋ!" ಎಂದು ಕೂಗಿದ. ಇಡೀ ಟಾಕೀಸು ನಕ್ಕಿತು, ಹೆಸರು ಅಂಟಿಕೊಂಡಿತು. ಆಮೇಲೆ ಬಂದ ಪ್ರತಿ ಭಾಗಕ್ಕೂ ನಾವು ಹೊರಡುವಾಗ ಹೇಳುವುದು "ದೊಡ್ಡಪ್ಪನ್ನ ನೋಡ್ಕೊಂಡ್ ಬರ್ತೀವಿ" ಎಂದೇ.

ನಮ್ಮ ಮದುವೆಯಾದ ವರ್ಷವೇ ಆ ಮೊದಲ ಭಾಗ ಬಂದದ್ದು. ಆಗ ನನಗೂ ನನ್ನ ಗಂಡನಿಗೂ ಮಾತಾಡಲು ಹೆಚ್ಚು ವಿಷಯವಿರಲಿಲ್ಲ. ಇಬ್ಬರೂ ಒಂದೇ ಕಾರ್ಖಾನೆ, ಅವರು ಪ್ರೆಸ್ ಶಾಪಿನಲ್ಲಿ, ನಾನು ತಪಾಸಣೆ ವಿಭಾಗದಲ್ಲಿ. ದಿನವಿಡೀ ಅದೇ ತಗಡು, ಅದೇ ಬೋಲ್ಟು. ಮನೆಗೆ ಬಂದು ಅದನ್ನೇ ಏನು ಮಾತಾಡುವುದು? ಆ ಸಿನಿಮಾ ನೋಡಿ ಬಂದ ದಿನ ಮಾತ್ರ ಇಬ್ಬರೂ ಬಾಯಿಗೆ ಬಿಡುವು ಕೊಡಲಿಲ್ಲ. ದೊಡ್ಡಪ್ಪ ಸೇತುವೆ ಕೆಡವಿದ್ದು ನ್ಯಾಯವೋ ಅನ್ಯಾಯವೋ ಎಂದು ಊಟದ ತಟ್ಟೆ ಒಣಗುವವರೆಗೆ ವಾದ ಮಾಡಿದೆವು. ಅಂದಿನಿಂದ ಯಾವ ಭಾಗವನ್ನೂ ಬಿಟ್ಟವರಲ್ಲ.

ಪ್ರೆಸ್ ಶಾಪಿನ ಬಗ್ಗೆ ಒಂದು ಮಾತು ಹೇಳಬೇಕು. ದೊಡ್ಡ ಪ್ರೆಸ್ಸುಗಳು ಸಾಲಾಗಿ ತಗಡಿನ ಮೇಲೆ ಬೀಳುವ ಜಾಗ ಅದು. ಒಳಗೆ ಕಾಲಿಟ್ಟರೆ ನೆಲ ಅದುರುತ್ತದೆ. ಪಕ್ಕದಲ್ಲಿ ನಿಂತವನು ಕಿವಿಗೆ ಬಾಯಿಟ್ಟು ಕೂಗಿದರೂ ಕೇಳದು. ಹಾಗಾಗಿ ಅಲ್ಲಿಯವರೆಲ್ಲ ಕೈಯಲ್ಲೇ ಮಾತಾಡುತ್ತಾರೆ. ಹೆಬ್ಬೆರಳು ಬಾಯಿಗೆ ತಂದರೆ ಚಹಾ. ಎರಡು ಮುಷ್ಟಿ ಗುದ್ದಿದರೆ ಅಚ್ಚು ಸಿಕ್ಕಿಕೊಂಡಿದೆ. ತಲೆಯ ಮೇಲೆ ಬೆರಳು ಗಿರಗಿರ ತಿರುಗಿಸಿದರೆ ಸೈರನ್ ಆಯಿತು, ನಡಿ ಮನೆಗೆ. ಎರಡೂ ಕೈಯಲ್ಲಿ ಮೀಸೆ ತಿರುವಿದರೆ ಸೂಪರ್‌ವೈಸರ್ ಬರುತ್ತಿದ್ದಾರೆ, ಹುಷಾರು. ನಮ್ಮ ಸೂಪರ್‌ವೈಸರಿಗೆ ಅಂಥ ಮೀಸೆ. ನನ್ನ ಗಂಡನ ಶಿಫ್ಟಿನ ಹುಡುಗರು ಟಾಕೀಸಿನಲ್ಲೂ ದೊಡ್ಡಪ್ಪ ಬರುವ ಸೂಚನೆ ಸಿಕ್ಕರೆ ಒಬ್ಬರಿಗೊಬ್ಬರು ಮೀಸೆ ತಿರುವಿ ತೋರಿಸುತ್ತಿದ್ದರು. ಇಬ್ಬರಲ್ಲಿ ಯಾರು ಬಂದರೂ ಆಗುವುದು ಒಂದೇ ತಾನೇ.

ಆ ಸದ್ದಿನಲ್ಲೇ ನನ್ನ ಗಂಡನ ಕಿವಿ ಹೋಯಿತು. ಒಂದೇ ಸಲ ಹೋಗಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಸ್ವಲ್ಪಸ್ವಲ್ಪವಾಗಿ ಹೋಯಿತು. ಮೊದಲು ಟೀವಿಯ ಸದ್ದು ಏರಿತು, ಆಮೇಲೆ ಫೋನು ಬಂದರೆ ನನ್ನ ಕೈಗೇ ಕೊಡತೊಡಗಿದರು. ಕೊನೆಗೆ ಏನು ಕೇಳಿದರೂ "ಹ್ಞೂಂ" ಎನ್ನುವುದನ್ನು ರೂಢಿ ಮಾಡಿಕೊಂಡರು. ಉಪ್ಪು ಜಾಸ್ತಿ ಆಯ್ತಾ? ಹ್ಞೂಂ. ಕಡಿಮೆ ಆಯ್ತಾ? ಹ್ಞೂಂ. ನಾನು ಎಷ್ಟು ಹೇಳಿದರೂ ಡಾಕ್ಟರ ಹತ್ತಿರ ಬರಲು ಒಪ್ಪಲಿಲ್ಲ. ಹೆದರಿಕೆ ಏನೆಂದು ನನಗೆ ಗೊತ್ತಿತ್ತು. ಕಿವಿ ಕೇಳುವುದಿಲ್ಲ ಎಂದು ಸೂಪರ್‌ವೈಸರಿಗೆ ತಿಳಿದರೆ ಪ್ರೆಸ್ಸಿನಿಂದ ಇಳಿಸಿ ಪ್ಯಾಕಿಂಗಿಗೆ ಹಾಕುತ್ತಾರೆ, ಹುಡುಗರು ಕೆಪ್ಪ ಎಂದು ಆಡಿಕೊಳ್ಳುತ್ತಾರೆ ಎಂಬ ಲೆಕ್ಕ ಅವರದು. ಶಾಪಿನೊಳಗೆ ಎಲ್ಲರದೂ ಕೈಭಾಷೆಯಾದ್ದರಿಂದ ಗುಟ್ಟು ರಟ್ಟಾಗಿರಲಿಲ್ಲ. ಹೊರಗೆ ಮಾತ್ರ ಮನುಷ್ಯ ದಿನೇದಿನೇ ಒಳಸರಿಯುತ್ತಿದ್ದ. ಹಬ್ಬಕ್ಕೆ ಕರೆದರೆ ತಲೆನೋವು, ಮದುವೆಗೆ ಕರೆದರೆ ಕಾಲುನೋವು. ನಗುವುದು ನಿಂತೇಹೋಗಿತ್ತು. ನನಗೆ ಸಿಟ್ಟು ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಮನೆ ಬಿಕೋ ಎನ್ನುತ್ತಿತ್ತು.

ಅಂಥ ಹೊತ್ತಿಗೆ ದೊಡ್ಡಪ್ಪನ ಹೊಸ ಭಾಗ ಬಂತು. ಅದೂ ಕನ್ನಡದಲ್ಲೇ ಮಾತಾಡುತ್ತಾರಂತೆ ಎಂಬ ಸುದ್ದಿ. ಗಡಿಯ ಊರು ನಮ್ಮದು. ಹಿಂದಿನ ಭಾಗಗಳನ್ನೆಲ್ಲ ತಮಿಳಿನಲ್ಲೋ ತೆಲುಗಿನಲ್ಲೋ ನೋಡಿ ಮುಗಿಸಿದ್ದೆವು. ಈ ಸಲ ಕನ್ನಡ ಎಂದರೆ ಹಿಗ್ಗಬೇಕಾದ ಮನುಷ್ಯ ಪೇಪರಿನಿಂದ ತಲೆ ಎತ್ತದೆ, "ಸಿನಿಮಾ ನೋಡೋ ವಯಸ್ಸೇನೇ ನಂದು? ನೀನು ಹೋಗ್ಬಾ" ಎಂದರು. ಎಲ್ಲರೂ ನಗುವಾಗ ತನಗೆ ಗೊತ್ತಾಗದೆ ಮಿಕಮಿಕ ನೋಡುತ್ತ ಕೂರಬೇಕಲ್ಲ, ಅದಕ್ಕೆ. ನಾನು ರೇಗಿ ಪಾತ್ರೆಗಳನ್ನು ಕುಕ್ಕಿದೆ. ಪಾತ್ರೆ ಕುಕ್ಕಿದ್ದೂ ಅವರಿಗೆ ಕೇಳಿಸಲಿಲ್ಲ.

ನನ್ನ ಕೈಯಲ್ಲಾಗದ ಕೆಲಸವನ್ನು ನಮ್ಮ ಓನರಮ್ಮ ಮಾಡಿದರು. ಅವರು ಅತ್ತಿಬೆಲೆಯ ಹಳೇ ಮಂದಿ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ರೂಮುಗಳನ್ನು ಕಟ್ಟಿಸಿ, ಕೆಳಗಿನ ಮನೆಯಲ್ಲಿ ತಾವಿದ್ದಾರೆ. ವಯಸ್ಸು ಅರವತ್ತು ದಾಟಿದ್ದರೂ ದೊಡ್ಡಪ್ಪನೆಂದರೆ ಪ್ರಾಣ. ಒಂದು ಸಂಜೆ ಮೆಟ್ಟಿಲ ಮೇಲೆ ನನ್ನ ಗಂಡನನ್ನು ಅಡ್ಡಗಟ್ಟಿ, "ಭಾನುವಾರ ಬೆಳಗಿನ ಆಟಕ್ಕೆ ಎಲ್ರೂ ಓಗಾನ ಕಣಪ್ಪಾ. ಟಿಕೆಟ್ ನಾನೇ ತರಿಸ್ತೀನಿ. ನೀನೂ ಬರ್ತೀಯ ತಾನೆ?" ಎಂದರು. ಒಳಗೆ ನನ್ನ ಕುಕ್ಕರು ಕೂಗುತ್ತಿತ್ತು. ನನ್ನ ಗಂಡ ಎಂದಿನಂತೆ ನಕ್ಕ ಹಾಗೆ ಮಾಡಿ, "ಹ್ಞೂಂ ಅಮ್ಮ" ಎಂದು ಮೇಲೆ ಬಂದರು. ಮಾರನೆಯ ದಿನ ಓನರಮ್ಮ ಟಿಕೆಟನ್ನು ಅವರ ಕೈಯಲ್ಲಿಟ್ಟಾಗ ಮುಖ ನೋಡಬೇಕಿತ್ತು. ಬರುವುದಿಲ್ಲ ಎನ್ನಬೇಕಾದರೆ ನಿನ್ನೆ ನೀವು ಹೇಳಿದ್ದು ಕೇಳಿಸಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಆ ಎರಡರ ಪೈಕಿ ಅವರು ಸಿನಿಮಾವನ್ನೇ ಆರಿಸಿಕೊಂಡರು. ನಾನು ಸೆರಗು ಬಾಯಿಗೆ ಅಡ್ಡ ಹಿಡಿದು ಅಡುಗೆಮನೆಗೆ ಓಡಿದೆ.

ಅಷ್ಟರಲ್ಲಿ ವೈಟ್‌ಫೀಲ್ಡಿನ ಆಫೀಸ್ ಕ್ಯಾಂಟೀನಿನಲ್ಲಿ ಕೆಲಸ ಮಾಡುವ ನನ್ನ ತಂಗಿ ಶುಕ್ರವಾರವೇ ಅಲ್ಲಿನ ಮಾಲಿನಲ್ಲಿ ನೋಡಿಬಿಟ್ಟಿದ್ದಳು. ಫೋನು ಮಾಡಿ ದೂರಿದಳು. "ಏನ್ ಜನಾನೋ ಅಕ್ಕ, ಒಬ್ರೂ ಕೂಗಲ್ಲ! ದೊಡ್ಡಪ್ಪ ಇಷ್ಟೆತ್ತರ ಬಂದು ನಿಂತ್ರೂ ಪಾಪ್‌ಕಾರ್ನ್ ತಿಂತಾ ಕೂತಿದ್ರು. ನಾನೊಬ್ಳೇ ಶಿಳ್ಳೆ ಹೊಡ್ದೆ, ಪಕ್ಕದವರು ತಿರುಗಿ ನೋಡಿದ್ರು. ಸಿನಿಮಾ ಮುಗಿದ್ಮೇಲೆ ಆಚೆ ನಿಂತ್ಕೊಂಡು, ಹಿಂದಿನ ಭಾಗಕ್ಕೂ ಇದಕ್ಕೂ ಬಾಲದ ಉದ್ದ ತಾಳೆ ಆಗಲ್ಲ ಅಂತ ಜಗಳ." ಕತೆ ಹೇಳಲು ಬಾಯಿ ತೆರೆದವಳನ್ನು ಗದರಿಸಿ ಫೋನಿಟ್ಟೆ.

ಭಾನುವಾರ ಟಾಕೀಸಿನ ಮುಂದೆ ಜಾತ್ರೆಗೆ ಸೇರಿದಷ್ಟು ಜನ. ಹುಡುಗರು ದೊಡ್ಡಪ್ಪನ ಪೋಸ್ಟರಿಗೆ ಸೇವಂತಿಗೆ ಹಾರ ಹಾಕಿದ್ದರು. ಕತ್ತು ಎಲ್ಲಿದೆಯೆಂದು ತಿಳಿಯದೆ ಮೂಗಿಗೆ ನೇತುಹಾಕಿದ್ದರು. ಕುಂಬಳಕಾಯಿ ಒಡೆದು ಕುಂಕುಮ ಚೆಲ್ಲಿದ್ದರು. ಬಂದವರಲ್ಲಿ ಮುಕ್ಕಾಲು ಪಾಲು ಕಾರ್ಖಾನೆಗಳವರೇ, ವಾರದ ರಜೆ ಒಂದೇ ದಿನವಲ್ಲವೇ. ನನ್ನ ಗಂಡನ ಶಿಫ್ಟಿನವರು ನಮ್ಮ ಹಿಂದಿನ ಸಾಲನ್ನು ಆಕ್ರಮಿಸಿದ್ದರು. ನಮ್ಮ ಸಾಲಿನಲ್ಲಿ ಓನರಮ್ಮ, ನಾನು, ನನ್ನ ಗಂಡ, ಆಮೇಲೆ ನಮ್ಮ ಪಕ್ಕದ ರೂಮಿನ ಯಾದಗಿರಿಯವನು. ಕಟ್ಟಡಗಳಿಗೆ ಕಬ್ಬಿಣ ಕಟ್ಟುವ ಕೆಲಸ ಅವನದು. ಎಲ್ಲ ಸರಿಯಾಯಿತು ಎನ್ನುವಷ್ಟರಲ್ಲಿ ನೇರ ನಮ್ಮ ಮುಂದಿನ ಸೀಟಿಗೆ ಬಂದು ಕುಳಿತವರು ಯಾರು? ಮೀಸೆಯ ಸೂಪರ್‌ವೈಸರ್. ಹಿಂದಿನ ಸಾಲಿನಲ್ಲಿ ಆಗಲೇ ಹತ್ತು ಕೈಗಳು ಮೀಸೆ ತಿರುವಿದವು. ನನ್ನ ಗಂಡ ಸೀಟಿನಲ್ಲಿ ಕುಗ್ಗಿ ಕುಗ್ಗಿ ಅರ್ಧವಾದರು.

ಸಿನಿಮಾ ಶುರುವಾಯಿತು. ಊರೊಂದರ ಬಂದರು, ಅದರಡಿಯಲ್ಲಿ ದೊಡ್ಡಪ್ಪ ನಿದ್ದೆ ಮಾಡುತ್ತಿದ್ದಾನೆ, ಮೇಲೆ ಕಟ್ಟಡ ಕಟ್ಟುವವರು ನೆಲ ಕೊರೆಯುತ್ತಿದ್ದಾರೆ. "ಮಲಗಿರೋರನ್ನ ಯಾಕ್ರೋ ಎಬ್ಬಿಸ್ತೀರಾ!" ಎಂದು ಹಿಂದಿನಿಂದ ಬೈಗುಳ. ಬಾಲ ಒಮ್ಮೆ ಅಲ್ಲಾಡಿತು, ಒಂದು ಬೀದಿ ಪೂರ್ತಿ ಕುಸಿಯಿತು. ಶಿಳ್ಳೆಯ ನಡುವೆ ಓನರಮ್ಮ ಮಾತ್ರ ಕೆನ್ನೆಗೆ ಕೈ ಹಚ್ಚಿ, "ಅಯ್ಯೋ, ಮೂರ್ ಮಾಡಿ ಮನೆ ಕಣೇ! ಬಾಡಿಗೆಗೆ ಬಿಟ್ಟಿರ್ತಾರೆ. ಪಾಪ, ಆ ಓನರ್ ಗತಿ ಏನು?" ಎಂದು ಮರುಗಿದರು. ಯಾದಗಿರಿಯವನಿಗೆ ಆ ಮರುಕ ಇರಲಿಲ್ಲ. "ಬೀಳ್ಲಿ ಬಿಡ್ರೀ ಅಮ್ಮಾರ. ಆ ಕಂಬಕ್ಕ ಕಬ್ಬಿಣ ನೋಡ್ರಿ, ಎಷ್ಟ್ ತೆಳ್ಳಗ ಹಾಕ್ಯಾರ! ಅವ ಬರದಿದ್ರೂ ಬೀಳೂದ ಅದು" ಎಂದ. ಅವರಿಬ್ಬರಿಗೂ ಅಲ್ಲೇ ಜಟಾಪಟಿ. ಓನರಮ್ಮ ತಮ್ಮ ಮನೆಯ ಕಂಬಗಳ ಬಗ್ಗೆಯೇ ಅವನು ಹೇಳಿದನೆಂದುಕೊಂಡರು.

ನಾನು ಪರದೆಗಿಂತ ಹೆಚ್ಚಾಗಿ ನನ್ನ ಗಂಡನನ್ನೇ ನೋಡುತ್ತಿದ್ದೆ. ಅವರು ಪರದೆ ನೋಡುವುದು, ನನ್ನ ಮುಖ ನೋಡುವುದು, ನಾನು ನಕ್ಕರೆ ಆಮೇಲೆ ನಗುವುದು. ಎಲ್ಲರ ನಗು ಮುಗಿದ ಮೇಲೆ ಅವರದು. ಮುಂದೆ ಸೂಪರ್‌ವೈಸರ್ ತಿರುಗಿ ಏನೋ ಹೇಳಿದರು, ಇವರು "ಹ್ಞೂಂ ಸಾರ್" ಎಂದರು. ಸೂಪರ್‌ವೈಸರ್ ಕೇಳಿದ್ದು "ಕಾಲು ಸ್ವಲ್ಪ ಆ ಕಡೆ ಇಟ್ಕೋತೀಯಾ?" ಎಂದು. ಕಾಲು ಅಲ್ಲಾಡಲಿಲ್ಲ. ನಾನೇ ಬಗ್ಗಿ ಮೊಣಕಾಲು ಸರಿಸಿದೆ. ಕರೆದುಕೊಂಡು ಬಂದದ್ದೇ ತಪ್ಪಾಯಿತೇನೋ ಎನ್ನಿಸಿತು.

ಆಗ ಬಂತು ಆ ದೃಶ್ಯ. ಪರದೆಯ ಮೇಲೆ ಊರು ಪೂರ್ತಿ ನಿಶ್ಶಬ್ದ. ಬೀದಿಗಳು ಖಾಲಿ. ದೊಡ್ಡಪ್ಪ ಈಗ ಬರುತ್ತಾನೆ, ಇನ್ನೇನು ಬಂದ ಎಂದು ಟಾಕೀಸಿನಲ್ಲಿ ಎಲ್ಲರೂ ಉಸಿರು ಬಿಗಿಹಿಡಿದಿದ್ದಾರೆ. ಆ ಊರಿನವರು ಜನರನ್ನು ಎಚ್ಚರಿಸಲು ಸೈರನ್ ಒತ್ತಿದರು. ಕೆಳಗಿನಿಂದ ಎದ್ದು, ಮೇಲೇರಿ, ಎಳೆದೆಳೆದು ಕೂಗುವ ಸೈರನ್. ಥೇಟ್ ನಮ್ಮ ಕಾರ್ಖಾನೆಯದೇ!

ಅರ್ಧ ಟಾಕೀಸು ಎದ್ದು ನಿಂತಿತು.

ಯಾರೂ ಯೋಚನೆ ಮಾಡಿ ಎದ್ದದ್ದಲ್ಲ. ಕಾಲುಗಳೇ ಎದ್ದವು. ಕತ್ತಲಲ್ಲಿ ಚಪ್ಪಲಿ ಹುಡುಕುವವರು, ತಾರದೇ ಇದ್ದ ಊಟದ ಡಬ್ಬಿಗಾಗಿ ಸೀಟಿನ ಕೆಳಗೆ ತಡಕಾಡುವವರು. ಹಿಂದಿನ ಸಾಲಿನಲ್ಲಿ ಒಬ್ಬ ಬಾಗಿಲ ಕಡೆ ಆಗಲೇ ಹೊರಟಿದ್ದ, ಬಸ್ಸಿನಲ್ಲಿ ಸೀಟು ಹಿಡಿಯಬೇಕಲ್ಲ. ಮುಂದೆ ಸೂಪರ್‌ವೈಸರ್ ಎದ್ದು ನಿಂತು ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ನಾನು? ನಾನೂ ಬ್ಯಾಗು ಹೆಗಲಿಗೇರಿಸಿ ನಿಂತಿದ್ದೆ. ಅದೇ ಕ್ಷಣಕ್ಕೆ ಪರದೆಯ ಮೇಲೆ ದೊಡ್ಡಪ್ಪ ಭರ್ಜರಿಯಾಗಿ ಎದ್ದು ಬಂದ. ಕೋಟಿಗಟ್ಟಲೆ ಸುರಿದು ಮಾಡಿದ ಆ ಪ್ರವೇಶವನ್ನು ನಾವ್ಯಾರೂ ನೋಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು.

ನಮ್ಮ ಕಾರ್ಖಾನೆಯವರ ನಡುವೆ ನನ್ನ ಗಂಡ ಮಾತ್ರ ಆರಾಮಾಗಿ ಕೂತಿದ್ದರು. ಎಲ್ಲರೂ ಯಾಕೆ ಎದ್ದರೆಂದು ತಿಳಿಯದೆ ಕಣ್ಣುಕಣ್ಣು ಬಿಡುತ್ತ ನನಗೆ ಕೈ ಮಾಡಿದರು: ಏನಾಯ್ತು? ನಾನು ತಲೆಯ ಮೇಲೆ ಬೆರಳು ಗಿರಗಿರ ತಿರುಗಿಸಿದೆ. ಅವರು ಒಂದು ಗಳಿಗೆ ನನ್ನನ್ನು ನೋಡಿದರು. ಬ್ಯಾಗು ನೋಡಿದರು. ಗಡಿಯಾರ ಹಿಡಿದು ನಿಂತ ಸೂಪರ್‌ವೈಸರನ್ನು ನೋಡಿದರು. ಆಮೇಲೆ ನಗು ಬಂತು ನೋಡಿ! ತಮ್ಮ ದನಿ ಎಷ್ಟು ಜೋರೆಂದು ಅವರಿಗೆ ಗೊತ್ತಾಗುವುದಿಲ್ಲವಲ್ಲ, ಆ ನಗು ದೊಡ್ಡಪ್ಪನ ಗರ್ಜನೆಯನ್ನೂ ಮೀರಿ ಕೇಳಿಸಿತು. ಹೊಟ್ಟೆ ಹಿಡಿದುಕೊಂಡು, ಮುಂದಿನ ಸೀಟು ಬಡಿಯುತ್ತ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಇಡೀ ಟಾಕೀಸು ನಗತೊಡಗಿತು.

ಸೂಪರ್‌ವೈಸರ್ ತಿರುಗಿ, ಕೈಯಾಡಿಸುತ್ತ, "ಅಲ್ಲಯ್ಯಾ, ನಾವೆಲ್ಲಾ ಮಂಗ ಆದ್ವಿ, ನೀನೊಬ್ಬ ಹೆಂಗೆ ಕೂತೇ ಇದ್ದೆ?" ಎಂದು ಅರಚಿದರು.

ಈ ಸಲ ಅದು ನನ್ನ ಗಂಡನಿಗೆ ಕೇಳಿಸಿತೋ, ಕೈ ಬಾಯಿ ನೋಡಿ ತಿಳಿಯಿತೋ ಗೊತ್ತಿಲ್ಲ. ನಗುತ್ತ ನಗುತ್ತಲೇ ಉತ್ತರ ಕೊಟ್ಟರು.

"ನಂಗೆ ಕೇಳಿಸ್ಲೇ ಇಲ್ಲ ಸಾರ್! ಕಿವಿ ಹೋಗಿ ಎರಡು ವರ್ಷ ಆಯ್ತು! ನಿಮ್ ಸೈರನ್ನೂ ಕೇಳಲ್ಲ, ನೀವ್ ಬೈಯೋದೂ ಕೇಳಲ್ಲ!"

ಹೇಳಿ ಮುಗಿದ ಮೇಲೆ ಏನು ಹೇಳಿದೆನೆಂದು ಹೊಳೆಯಿತೇನೋ, ಬಾಯಿ ಮುಚ್ಚಿಕೊಂಡರು. ಪರದೆಯ ಮೇಲೆ ಏನೋ ಉರಿಯುತ್ತಿತ್ತು. ಆ ಬೆಳಕಿನಲ್ಲಿ ಸೂಪರ್‌ವೈಸರ್ ಮುಖ ಕಾಣುತ್ತಿತ್ತು. ಅವರು ಸೀಟಿನ ಬೆನ್ನಿಗೆ ಎರಡೂ ಕೈಯೂರಿ, ಬಗ್ಗಿ, ನನ್ನ ಗಂಡನ ಮುಖಕ್ಕೆ ನೇರವಾಗಿ ನಿಂತರು. ತಮ್ಮ ಎಡಗಿವಿಯನ್ನು ಬೆರಳಲ್ಲಿ ತಟ್ಟಿದರು. ಆಮೇಲೆ ಆ ಕೈಯನ್ನು ಗಾಳಿಯಲ್ಲಿ ಅಡ್ಡಡ್ಡ ಬೀಸಿದರು. ಪ್ರೆಸ್ ಶಾಪಿನಲ್ಲಿ ಹಾಗೆ ಬೀಸಿದರೆ ಮಷೀನು ಕೆಟ್ಟಿದೆ, ಬಂದ್ ಎಂದು ಅರ್ಥ.

"ನಂದೂ ಎಡಗಿವಿ ಪೂರ್ತಿ ಬಂದ್ ಕಣಯ್ಯಾ," ಎಂದರು. "ಯಾರಿಗೂ ಹೇಳಿಲ್ಲ ನಾನು. ಮೇಲಿನವ್ರಿಗೆ ಗೊತ್ತಾದ್ರೆ ಏನೋ ಎತ್ತೋ ಅಂತ."

ಹಿಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು. "ನಂಗೂ ಬಲಗಿವೀಲಿ ಬರೀ ಗುಯ್ಯ್ ಅನ್ನತ್ತೆ ಸಾರ್." ಅದರ ಪಕ್ಕದಲ್ಲಿ ಇನ್ನೊಂದು. "ನಂಗೂ ಕಣ್ರೋ. ಹೆಂಡ್ತಿ ಬೈದ್ರೂ ಕೇಳಿಸಲ್ಲ, ಒಳ್ಳೇದೇ ಆಯ್ತು ಅಂತ ಸುಮ್ನಿದ್ದೆ." ಮತ್ತೆ ನಗು. ಇಷ್ಟು ಮಂದಿ ಗಂಡಸರು ಒಂದೇ ಸೂರಿನಡಿ, ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಅದೇ ಗುಟ್ಟನ್ನು ಬಚ್ಚಿಟ್ಟುಕೊಂಡು ಹ್ಞೂಂ ಹ್ಞೂಂ ಎನ್ನುತ್ತ ದುಡಿಯುತ್ತಿದ್ದರಲ್ಲ! ನನಗೆ ಎಲ್ಲರ ತಲೆಗೂ ಒಂದೊಂದು ಮೊಟಕಬೇಕೆನ್ನಿಸಿತು. ಅಷ್ಟೇ ಸಂತೋಷವೂ ಆಯಿತು, ಸುಳ್ಳೇಕೆ ಹೇಳಲಿ, ಅತ್ತೂಬಿಟ್ಟೆ. ಸೂಪರ್‌ವೈಸರ್ ಕೂರುವ ಮೊದಲು, "ಈ ವಾರಾನೇ ಎಲ್ರೂ ಸೇರಿ ಕಿವಿ ತೋರಿಸ್ಕೊಂಡ್ ಬರೋಣ. ಗುಂಪಾಗಿ ಹೋದ್ರೆ ಯಾರನ್ನ ಅಂತ ಇಳಿಸ್ತಾರೆ?" ಎಂದರು. ಅಕ್ಕಪಕ್ಕದವರು "ಕೂತ್ಕೊಳ್ರೀ, ದೊಡ್ಡಪ್ಪ ಕಾಣಿಸ್ತಿಲ್ಲ" ಎಂದು ಕಿರುಚಿದರು.

ಇಂಟರ್‌ವಲ್ ಆದ ಮೇಲೆ ಸಿನಿಮಾಕ್ಕಿಂತ ನಮ್ಮ ಸಾಲುಗಳೇ ನೋಡುವ ಹಾಗಿದ್ದವು. ಹುಡುಗರು ಸರದಿಯ ಮೇಲೆ ಮುಂದೆ ಬಗ್ಗಿ ನನ್ನ ಗಂಡನಿಗೆ ಕತೆಯನ್ನು ಕೈಯಲ್ಲಿ ಹೇಳಿದರು. ಒಬ್ಬೊಬ್ಬನದು ಒಂದೊಂದು ಕತೆ, ಅದು ಬೇರೆ ವಿಷಯ. ಕೊನೆಯ ಹೊತ್ತಿಗೆ ದೊಡ್ಡಪ್ಪ ಉಂಡೆ ಬಿಚ್ಚಿದಾಗ ಹೊಟ್ಟೆಯ ಹತ್ತಿರ ಒಂದು ಮರಿ ಕಣ್ಣು ಪಿಳಿಪಿಳಿ ಬಿಡುತ್ತಿತ್ತು, ಹಾಲು ಕುಡಿಯುತ್ತಿತ್ತು. ಓನರಮ್ಮ ಎದ್ದುನಿಂತು, "ಅಯ್ಯೋ ನನ್ ತಾಯೀ! ದೊಡ್ಡಪ್ಪ ಅಲ್ಲ ಕಣ್ರೋ, ದೊಡ್ಡಮ್ಮ! ಬಾಣಂತಿ ಮಲಗಿರೋ ಜಾಗಾನ ಅಗೆದ್ರೆ ಇನ್ನೇನ್ ಮಾಡ್ತಾಳೆ!" ಎಂದು ಕೂಗಿದರು. ಮೂರು ಮಹಡಿ ಮನೆಯ ಓನರನ ದುಃಖ ಅಲ್ಲಿಗೆ ಮರೆತುಹೋಗಿತ್ತು. ಹಿಂದಿನ ಹುಡುಗ ನನ್ನ ಗಂಡನಿಗೆ ಮೀಸೆ ತಿರುವಿ ತೋರಿಸಿದ, ಆಮೇಲೆ ಅಂಗೈಯಿಂದ ಆ ಮೀಸೆಯನ್ನು ಒರೆಸಿಹಾಕಿ, ಮೂಗುತಿ ಇಟ್ಟು, ಕೂಸನ್ನು ತೂಗಿದ. ಅದೇ ಸಮಯಕ್ಕೆ ಸೂಪರ್‌ವೈಸರ್ ಹಿಂದೆ ತಿರುಗಿದ್ದರು. ಮೀಸೆ ಯಾರದೆಂದು ಅವರಿಗೂ ಅಷ್ಟು ಹೊತ್ತಿಗೆ ಅರ್ಥವಾಗಿರಬೇಕು, "ನಾಳೆ ಶಿಫ್ಟಿಗೆ ಬಾ ಮಗಾ, ಮಾತಾಡ್ತೀನಿ" ಎಂದರು, ನಗುತ್ತಲೇ.

ಹೊರಗೆ ಬಂದಾಗ ಬಿಸಿಲು ಚುರುಗುಟ್ಟುತ್ತಿತ್ತು. ಯಾದಗಿರಿಯವನು ಓನರಮ್ಮನಿಗೆ ಕಂಬದ ವಿಷಯ ಸಮಾಧಾನ ಹೇಳುತ್ತ ಮುಂದೆ ಹೋದ. ನಾವಿಬ್ಬರೂ ಬಸ್ ಸ್ಟಾಂಡಿನ ಪಕ್ಕದ ಅಂಗಡಿಯಲ್ಲಿ ಚಹಾಕ್ಕೆ ನಿಂತೆವು. ಅಂಗಡಿಯವನು ತಲೆ ಎತ್ತದೆ ಏನೋ ಗೊಣಗಿದ. ಇಂಥ ಕಡೆಯಲ್ಲೆಲ್ಲ ನಾನೇ ಉತ್ತರ ಕೊಡುವುದು ಅಭ್ಯಾಸ. ಎರಡು ವರ್ಷದಿಂದ ಅವರ ಊಟ, ತಿಂಡಿ, ಬಸ್ಸಿನ ಟಿಕೆಟು ಎಲ್ಲಕ್ಕೂ ನನ್ನದೇ ಬಾಯಿ. ಬಾಯಿ ತೆರೆದೂ ಇದ್ದೆ. ಅವರು ನನ್ನ ತೋಳು ಹಿಡಿದು ತಡೆದು, ತಾವೇ ಮುಂದೆ ಬಾಗಿದರು.

"ಸ್ವಲ್ಪ ಜೋರಾಗಿ ಹೇಳಪ್ಪಾ. ನಂಗೆ ಕಿವಿ ಕೇಳ್ಸಲ್ಲ."

ಅಂಗಡಿಯವನು ತಲೆ ಎತ್ತಿ, ಬಸ್ ಸ್ಟಾಂಡೆಲ್ಲ ತಿರುಗಿ ನೋಡುವ ಹಾಗೆ ಅರಚಿದ: "ಸಕ್ಕರೆ ಎಷ್ಟು ಹಾಕ್ಲಿ ಅಣ್ಣಾ?"

"ಎರಡು ಚಮಚ! ಇವ್ಳು ಎರಡು ವರ್ಷದಿಂದ ಸಪ್ಪೆ ಕುಡಿಸ್ತಾ ಇದಾಳೆ!"